ಇನ್ನೊಬ್ಬರ ನಂಬರಿನಲ್ಲಿ ಓಡಿದವರು

ಎದುರುಮನೆಯವರು ಬೀಳುವುದನ್ನು ನಾನು ನೋಡಿದೆ. ಬಿದ್ದದ್ದು ಎದುರುಮನೆಯವರು ಎಂಬುದು ಮಾತ್ರ ಆಗ ನನಗೆ ಗೊತ್ತಿರಲಿಲ್ಲ. ಈ ಎರಡನ್ನೂ ಬೇರೆಬೇರೆ ಇಟ್ಟು ಹೇಳಬೇಕು. ಕೇಳಿದವರಿಗೆಲ್ಲ ಹೇಳುತ್ತ ಹೇಳುತ್ತ, ನಾನು ಕಂಡದ್ದು, ಬೇರೆಯವರಿಂದ ಕೇಳಿದ್ದು, ನಡುವೆ ಊಹಿಸಿಕೊಂಡದ್ದು ಎಲ್ಲ ಒಂದರೊಳಗೊಂದು ಕಲಸಿಹೋಗತೊಡಗಿವೆ. ಪೂರ್ತಿ ಕಲಸಿಹೋಗುವ ಮೊದಲು ಬರೆದಿಡುತ್ತಿದ್ದೇನೆ.

ನಮ್ಮದು ಕೊಯಮತ್ತೂರಿನ ಒಂದು ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಬೀದಿಯ ಏಳೆಂಟು ಜನ ಕೆಲವು ವರ್ಷಗಳಿಂದ ಬೆಳಗ್ಗೆ ಕೆರೆ ಏರಿಯ ಮೇಲೆ ಓಡುತ್ತೇವೆ. ಯಾರಿಗೋ ಸಕ್ಕರೆ ಕಾಯಿಲೆ ಬಂತು, ಡಾಕ್ಟರು ನಡೆಯಿರಿ ಎಂದರು, ನಡೆದವರು ಓಡಿದರು, ಅವರನ್ನು ಗೇಲಿ ಮಾಡಲು ಹೋದವರೂ ಓಡಿದರು. ಶುರುವಾದದ್ದು ಹೀಗೆ. ನಾನು ನನ್ನ ಮಾವನ ಸೀರೆ ಅಂಗಡಿಯ ಲೆಕ್ಕ ಬರೆಯುವವಳು. ದಿನವಿಡೀ ಕೂತು ಬೆನ್ನು ಹಿಡಿದುಕೊಂಡಿತ್ತು, ಅದಕ್ಕೆ ಸೇರಿಕೊಂಡೆ.

ಊರಿನಲ್ಲಿ ಈಗ ಭಾನುವಾರ ಬಂದರೆ ಎಲ್ಲಾದರೂ ಒಂದು ಓಟವಿರುತ್ತದೆ. ಕಣ್ಣಿನ ಆಸ್ಪತ್ರೆಗಾಗಿ ಒಂದು, ಮರ ನೆಡಲು ಒಂದು, ಯಾವುದೋ ಕಾಲೇಜಿನ ಹೆಸರಿನಲ್ಲಿ ಒಂದು. ನಾವು ಹೋಗಿ ಓಡಿ ಬರುತ್ತೇವೆ. ಮಧ್ಯಾಹ್ನದ ಊಟಕ್ಕೆ ಮುಂಚೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ರಿಸಲ್ಟ್ ಬರುತ್ತದೆ. ಅದನ್ನು ಹಾಕುವವರು ದೊಡ್ಡಣ್ಣ. ನಮ್ಮಲ್ಲಿ ವಯಸ್ಸಿನಲ್ಲಿ ದೊಡ್ಡವರು, ನೂಲಿಗೆ ಬಣ್ಣ ಹಾಕಿಸುವ ವ್ಯಾಪಾರ. ಬೀದಿಯ ಹೆಚ್ಚಿನವರಿಗೆ ಕನ್ನಡ ಅಕ್ಷರ ಬರುವುದಿಲ್ಲ. ದೊಡ್ಡಣ್ಣ ಬರೆಯುವುದು ಕನ್ನಡವನ್ನೇ, ಅಕ್ಷರ ತಮಿಳಿನವು. ಒಬ್ಬೊಬ್ಬರಿಗೆ ಒಂದೊಂದು ಸಾಲು: ಹೆಸರು, ಸಮಯ, ಕೊನೆಯಲ್ಲಿ ಒಂದು ಚುಚ್ಚುಮಾತು. ನನಗೆ ಒಮ್ಮೆ ಹಿರಿಯ ಹೆಂಗಸರ ವಿಭಾಗದಲ್ಲಿ ಮೂರನೇ ಬಹುಮಾನ ಬಂದಾಗ, ಗೆದ್ದ ಕಪ್ಪು ಕೈಯಲ್ಲಿ ಹಿಡಿದ ನನ್ನ ಫೋಟೋದ ಕೆಳಗೆ ಅವರು ಬರೆದದ್ದು: "ಓಡಿದ್ದೇ ಮೂರು ಜನ. ಆದರೂ ಚಪ್ಪಾಳೆ." ಎಲ್ಲರೂ ಚಪ್ಪಾಳೆ ತಟ್ಟುವ ಕೈಗಳನ್ನು ಕಳಿಸಿದರು. ನಾನೂ ಕಳಿಸಿದೆ.

ಓಟದ ದಿನ ಎದೆಗೆ ಪಿನ್ನು ಚುಚ್ಚಿಕೊಳ್ಳುವ ನಂಬರಿನ ಹಾಳೆಯನ್ನು ಬಿಬ್ ಎನ್ನುತ್ತಾರೆ. ಹೆಸರು ಕೊಡುವಾಗ ನಮ್ಮ ವಯಸ್ಸು, ರಕ್ತದ ಗುಂಪು, ಮೈಗೆ ಒಗ್ಗದ ಔಷಧಿ, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಕೊಟ್ಟಿರುತ್ತೇವೆ. ಬಿಬ್ಬಿನ ಹಿಂದೆ ಅಂಟಿಸಿದ ಸಣ್ಣ ಎಲೆಕ್ಟ್ರಾನಿಕ್ ಚಿಪ್ಪು, ಹೊರಡುವ ಗೆರೆ ಮತ್ತು ಮುಗಿಯುವ ಗೆರೆ ದಾಟುವಾಗ ನಮ್ಮ ಸಮಯ ಹಿಡಿಯುತ್ತದೆ. ಅದು ಹಿಡಿಯುವುದು ನಂಬರನ್ನು, ಆಳನ್ನಲ್ಲ.

ಎದುರುಮನೆಯವರು ಎಂದರೆ ನಮ್ಮ ಎದುರಿನ ಮನೆಯ ಯಜಮಾನರು. ಅವರು ಸ್ವಂತ ಹೆಸರು ಕೊಟ್ಟು ಓಡಿದವರೇ ಅಲ್ಲ. ಹೆಸರು ಕೊಟ್ಟ ಯಾರಿಗಾದರೂ ಬರಲಾಗದಿದ್ದರೆ ಆ ಬಿಬ್ ಅವರಿಗೆ ಹೋಗುತ್ತಿತ್ತು. ಹೀಗೆ ಬದಲಿಸಬಾರದು ಎಂದು ಓಟ ನಡೆಸುವವರು ಪ್ರತಿಸಲವೂ ಹೇಳುತ್ತಾರೆ. ನಮಗದು ತಪ್ಪು ಅನ್ನಿಸಿಯೇ ಇರಲಿಲ್ಲ. ಯಾಕೆಂದು ಈಗ ಯೋಚಿಸಿದರೆ, ಮಗ್ಗ ನೆನಪಾಗುತ್ತದೆ. ಮಗ್ಗದ ಮೇಲೆ ಹಾಸು, ಅಂದರೆ ಉದ್ದದ ನೂಲು, ಏರಿಸಿದ ಮೇಲೆ ನೇಯುವವನಿಗೆ ಜ್ವರ ಬಂದರೆ ಮಗ್ಗ ಸುಮ್ಮನೆ ನಿಲ್ಲುವುದಿಲ್ಲ. ಪಕ್ಕದ ಮನೆಯವನು ತನ್ನ ಕೆಲಸ ಮುಗಿಸಿ ಬಂದು ಮಗ್ಗದ ಕೆಳಗಿನ ಕುಳಿಯಲ್ಲಿ ಕಾಲಿಟ್ಟು ಕೂರುತ್ತಾನೆ, ನಾಲ್ಕು ಮೊಳ ನೇಯ್ದು ಹೋಗುತ್ತಾನೆ. ಸೀರೆ ಮುಗಿದಾಗ ಅದು ಮಗ್ಗದವನ ಸೀರೆ. ನಡುವೆ ಯಾರ ಕಾಲು ಆಡಿತ್ತು ಎಂದು ಯಾರೂ ಕೇಳುವುದಿಲ್ಲ. ನಮ್ಮ ಬೀದಿಯಲ್ಲಿ ಇದು ದಿನದ ಮಾತು. ಹಾಸು ಹೇಗೋ ಬಿಬ್ಬೂ ಹಾಗೇ ಎಂದುಕೊಂಡೆವು. ದೊಡ್ಡಣ್ಣ ರಿಸಲ್ಟ್ ಹಾಕುವಾಗ ಬಿಬ್ ಯಾರದೋ ಅವರ ಹೆಸರು ಬರೆದು, ಪಕ್ಕದಲ್ಲಿ "ಕಾಲು: ಎದುರುಮನೆ" ಎಂದು ಸೇರಿಸುತ್ತಿದ್ದರು. ನಾವು ನಗುತ್ತಿದ್ದೆವು.

ಎದುರುಮನೆಯವರು ಕೈಮಗ್ಗದ ನೇಕಾರರು. ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವರು, ಸಪೂರ ಆಳು, ಓಡುವಾಗ ಮುಂದಕ್ಕೆ ಬಾಗಿ ಏನನ್ನೋ ಹುಡುಕುವವರಂತೆ ಓಡುತ್ತಿದ್ದರು. ಓಟದ ಬೆಳಗ್ಗೆ ಎಲ್ಲರೂ ಸೇರಿದಾಗ ಅವರದೊಂದು ಮಾತು ಇದ್ದೇ ಇರುತ್ತಿತ್ತು.

"ಇವತ್ತು ನಾನ್ಯಾರು ಹೇಳಕ್ಕಾ?"

ಆ ಭಾನುವಾರ ಓಟ ಶರವಣಂಪಟ್ಟಿಯಲ್ಲಿ, ಗಾಜಿನ ಕಟ್ಟಡಗಳ ನಡುವಿನ ಅಗಲ ರಸ್ತೆಯಲ್ಲಿ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಎಲ್ಲರಿಗೂ ಒಂದೇ ಹಸಿರು ಟೀ ಶರ್ಟ್ ಕೊಟ್ಟಿದ್ದರು. ಎದುರುಮನೆಯವರು ಬಂದು ಬಿಬ್ಬನ್ನು ನನ್ನ ಕೈಗಿತ್ತು, ಪಿನ್ನು ಚುಚ್ಚಿಕೊಡಿ ಎಂದು ಎದೆ ಮುಂದೆ ಮಾಡಿ ನಿಂತು, ಅದೇ ಮಾತು ಕೇಳಿದರು.

"ಯಾರು ತಂಬಿ?" ಎಂದೆ.

"ಪಂಪು! ರಾತ್ರಿಯೆಲ್ಲಾ ಕಂಪನೀಲಿ ವೇಲೆ ಮಾಡಿ ಬಂದು ಮಲಗವ್ನೆ ಪಾಪ. ಅವನ ಕಾಲು ಮಲಗಿ ಅದೆ, ನಂದು ಓಡ್ತದೆ."

ಪಂಪು ಎಂದರೆ ನಮ್ಮ ಗುಂಪಿನ ಪಂಪಣ್ಣ. ಪಂಪ್ ಮಾಡುವ ಕಾರ್ಖಾನೆಯಲ್ಲಿ ಕೆಲಸ, ಐವತ್ತು ದಾಟಿದವರು. ಹಿಂದಿನ ಸಂಜೆ ಕೆಲಸಕ್ಕೆ ಹೋಗುವಾಗ ಟೀ ಅಂಗಡಿಯ ಮುಂದೆ ಸಿಕ್ಕಿ ಬಿಬ್ ಕೊಟ್ಟು ಹೋಗಿದ್ದರಂತೆ.

"ಡೇಯ್, ಪಂಪು ಓದ ಸಲ ಎಲ್ಲಾರ್ಗೂ ಕಡೇಲಿ ಬಂದ," ಎಂದರು ದೊಡ್ಡಣ್ಣ. "ನೀನು ಜೋರಾಗಿ ಓಡಿದ್ರೆ ಯಾರೂ ನಂಬಲ್ಲ. ಕೊಂಜ ಮೆಲ್ಲಗೆ ಓಗು."

"ಮೆಲ್ಲಗಾ? ಐವತ್ತು ದಾಟಿದವ್ರ ಲೈನಲ್ಲಿ ಇವತ್ತು ಅವನಿಗೊಂದು ಕಪ್ಪು ಗೆದ್ದು ಕೊಡ್ತೀನಿ ಇರಿ. ಎದ್ದು ಕಣ್ಣು ಬಿಟ್ಟರೆ ಕಪ್ಪು!"

ಪಿನ್ನುಗಳನ್ನು ಚುಚ್ಚಿದ್ದು ನಾನೇ. ಒಂದು ಪಿನ್ನು ಬಾಗಿತ್ತು, ಅದನ್ನು ಹಲ್ಲಿನಲ್ಲಿ ಕಚ್ಚಿ ನೆಟ್ಟಗೆ ಮಾಡಿದೆ. ಇದು ಚೆನ್ನಾಗಿ ನೆನಪಿದೆ.

ಇನ್ನು ನಾನು ಕಂಡದ್ದು. ಓಟದ ಅರ್ಧ ದಾರಿ ದಾಟಿದ ಮೇಲೆ ರಸ್ತೆ ಎಡಕ್ಕೆ ಸ್ವಲ್ಪ ಏರುತ್ತದೆ. ಬಲಗಡೆ ಉದ್ದಕ್ಕೂ ಹೊಂಗೆ ಮರಗಳು. ನನಗಿಂತ ಸಾಕಷ್ಟು ಮುಂದೆ ಹಸಿರು ಬೆನ್ನುಗಳು. ಅವುಗಳಲ್ಲಿ ಒಂದು ಬೆನ್ನು ರಸ್ತೆಯ ಅಂಚಿಗೆ ಸರಿಯಿತು. ಲೇಸು ಕಟ್ಟಿಕೊಳ್ಳಲು ಬಗ್ಗುತ್ತಿದ್ದಾರೆ ಎಂದುಕೊಂಡೆ. ಮಂಡಿ ಮೊದಲು ನೆಲ ಮುಟ್ಟಿತು, ಆಮೇಲೆ ಎಡ ಭುಜ. ಕೈ ಊರಲಿಲ್ಲ. ಎಡವಿ ಬೀಳುವವರು ಕೈ ಊರುತ್ತಾರೆ. ಅದನ್ನು ಆಗ ಗಮನಿಸಿದೆನೋ, ಆಮೇಲೆ ನೆನೆದು ಸೇರಿಸಿಕೊಂಡೆನೋ ಈಗ ಹೇಳಲಾರೆ.

ಜನ ಸುತ್ತುವರಿದರು. ಆಂಬ್ಯುಲೆನ್ಸ್ ಹತ್ತಿರದಲ್ಲೇ ಇದ್ದಿರಬೇಕು, ನಾನು ಆ ಜಾಗ ತಲುಪುವಷ್ಟರಲ್ಲಿ ಬಾಗಿಲು ಮುಚ್ಚಿ ಹೊರಟಿತು. ರಸ್ತೆಯಲ್ಲಿ ನೀರು ಚೆಲ್ಲಿತ್ತು. ನೀರಿನ ಬಾಟಲಿ ಹಿಡಿದು ನಿಂತಿದ್ದ ಕಾಲೇಜು ಹುಡುಗನನ್ನು ಯಾರಪ್ಪ ಅದು ಎಂದು ಕೇಳಿದೆ. "ತೆರಿಯಲೆಂಗ ಅಕ್ಕಾ," ಗೊತ್ತಿಲ್ಲ ಎಂದ. ನನಗೆ ಮುಂದೆ ಓಡಲು ಆಗಲಿಲ್ಲ. ಉಳಿದ ದಾರಿಯನ್ನು ಹೆಚ್ಚುಕಡಿಮೆ ನಡೆದೇ ಮುಗಿಸಿದೆ.

ಮುಗಿಯುವ ಜಾಗದಲ್ಲಿ ನಮ್ಮವರು ವೇದಿಕೆಯ ಬದಿಗೆ ನೆಲದ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ಎದುರುಮನೆಯವರು ಇರಲಿಲ್ಲ. ಎಲ್ಲಿ ಎಂದೆ. "ನಿನ್ನ ಮುಂದೆ ಓಡ್ತಿದ್ದನಲ್ಲಮ್ಮ, ಯಾವಾಗಲೋ ಬಂದಿರ್ತಾನೆ. ಎಲ್ಲೋ ಎರಡನೇ ತಿಂಡಿ ಪೊಟ್ಲ ಹುಡುಕ್ತಾ ಅವ್ನೆ," ಎಂದರು ದೊಡ್ಡಣ್ಣ. ಅದೂ ನಡೆಯುವಂಥದೇ. ನಾನು ಕೂತೆ. ದಾರಿಯಲ್ಲಿ ಒಬ್ಬರು ಬಿದ್ದರು ಎಂದು ಹೇಳಲು ಬಾಯಿ ತೆರೆದಿದ್ದೆ. ಆಗ ಮೈಕು ಮಾತಾಡಿತು.

ವೇದಿಕೆಯ ಮೇಲೆ ಬಹುಮಾನ ಕೊಡುವುದು ನಡೆದಿತ್ತು. ಒಂದೊಂದು ವಿಭಾಗದ ಹೆಸರು ಕೂಗಿ ಕಪ್ಪು ಕೊಡುತ್ತಿದ್ದರು. ನಡುವೆ ತಮಿಳಿನಲ್ಲಿ ಪಂಪಣ್ಣನ ಪೂರ್ತಿ ಹೆಸರು ಬಂತು. ಅವರ ಕಡೆಯವರು ಯಾರಾದರೂ ಇದ್ದರೆ ಕೂಡಲೇ ವೇದಿಕೆಯ ಹತ್ತಿರ ಬರಬೇಕು ಎಂದರು. ಎರಡು ಸಲ ಹೇಳಿದರು.

ನಮ್ಮವರು ಎದ್ದು ಕುಣಿದರು. "ಗೆದ್ದುಬಿಟ್ಟ! ಪಂಪಿಗೆ ಕಪ್ಪು!" ದೊಡ್ಡಣ್ಣ ನಿಂತಲ್ಲೇ ಗುಂಪಿಗೆ ಬರೆದು ಹಾಕಿದರು: "ಪಂಪಣ್ಣನಿಗೆ ಪ್ರೈಜ್. ಓಡಿದ್ದು ಎದುರುಮನೆ, ಗೆದ್ದದ್ದು ಪಂಪು. ಎದ್ದೇಳಪ್ಪ." ಓಟಕ್ಕೆ ಬಾರದೆ ಮನೆಯಲ್ಲಿದ್ದವರೆಲ್ಲ ಚಪ್ಪಾಳೆ ಕಳಿಸತೊಡಗಿದರು. ಫೋಟೋ ತೆಗೆಯಲೆಂದು ಫೋನ್ ಹಿಡಿದು ನಾನೂ ದೊಡ್ಡಣ್ಣನ ಹಿಂದೆ ಹೋದೆ. ನಾನೂ ನಗುತ್ತಿದ್ದೆ.

ವೇದಿಕೆಯ ಕೆಳಗೆ ನಿಂತಿದ್ದ ಹುಡುಗಿ ನಮ್ಮನ್ನು ಮೆಟ್ಟಿಲ ಕಡೆಗೆ ಬಿಡಲಿಲ್ಲ. ಪಕ್ಕದ ಬಿಳಿ ಡೇರೆಗೆ ಕರೆದುಕೊಂಡು ಹೋದಳು. ಅದು ಡಾಕ್ಟರರ ಡೇರೆ.

"ನೀವು ಅವರ ಮನೆಯವರಾ?" ಎಂದು ತಮಿಳಿನಲ್ಲಿ ಕೇಳಿದಳು. "ಅವರು ಓಡುವಾಗ ಬಿದ್ದರು, ಆಸ್ಪತ್ರೆಗೆ ಕಳಿಸಿದ್ದೇವೆ. ಮನೆಗೆ ಫೋನ್ ಮಾಡಿದರೆ ಅವರ ಹೆಂಡತಿ, ನನ್ನ ಗಂಡ ಇಲ್ಲೇ ಮಲಗಿದ್ದಾರೆ ಅಂತ ಹೇಳಿ ಬೈದು ಇಟ್ಟುಬಿಟ್ಟರು. ಮತ್ತೆ ಎತ್ತುತ್ತಿಲ್ಲ."

ಪಂಪಣ್ಣನ ಹೆಂಡತಿ ಆಮೇಲೆ ನನಗೆ ಹೇಳಿದ್ದನ್ನು ಇಲ್ಲೇ ಸೇರಿಸುತ್ತೇನೆ. "ನಿಮ್ಮ ಯಜಮಾನ್ರು ಬಿದ್ದುಬಿಟ್ರು ಅಂದ್ಳು ಅಕ್ಕಾ. ತಿರುಗಿ ನೋಡ್ತೀನಿ, ಅವ್ರು ಗೊರಕೆ ಒಡೀತಾ ಅವ್ರೆ. ದಿನಾ ಒಂದೊಂದು ಕಾಲ್ ಬತ್ತದೆ, ಪಾರ್ಸಲ್ ಬಂದದೆ ಅಂತಾರೆ, ಪೊಲೀಸ್ ಅಂತಾರೆ. ಇದೂ ಅಂಥದೇ ಏಮಾತ್ತು, ಮೋಸದ ಕೆಲಸ ಅಂತ ಬೈದೆ." ಬಿಬ್ ಕೊಟ್ಟಿದ್ದನ್ನು ಪಂಪಣ್ಣ ಮನೆಯಲ್ಲಿ ಹೇಳಿರಲಿಲ್ಲ. ಹೇಳುವಂಥ ವಿಷಯ ಅದು ಎಂದು ಅವರಿಗೂ ಅನ್ನಿಸಿರಲಿಕ್ಕಿಲ್ಲ.

ಡೇರೆಯಲ್ಲಿ ಆ ಹುಡುಗಿಯ ಮಾತು ಕೇಳುತ್ತಿದ್ದಂತೆ, ಆ ಹಸಿರು ಬೆನ್ನು, ಭುಜ ಊರಿ ಬಿದ್ದದ್ದು, ಬಾಗಿದ ಪಿನ್ನು, ಎಲ್ಲ ಒಂದಾಗಿ ಬಂದು ಕೂಡಿದವು. ದೊಡ್ಡಣ್ಣ, "ಅವನಲ್ಲ, ಅವನಲ್ಲ," ಎಂದು ಕನ್ನಡದಲ್ಲೇ ಹೇಳುತ್ತಿದ್ದರು. ಆ ಹುಡುಗಿಗೆ ಅರ್ಥವಾಗುತ್ತಿರಲಿಲ್ಲ.

ಬಿದ್ದವರು ಬೇರೆಯವರು, ಆ ನಂಬರಿನವರಲ್ಲ ಎಂದು ನಾನು ತಮಿಳಿನಲ್ಲಿ ಹೇಳಿದೆ. ಡೇರೆಯ ಚಿಕ್ಕ ವಯಸ್ಸಿನ ಡಾಕ್ಟರು ಕೈಯಲ್ಲಿದ್ದ ಹಾಳೆ ಕೆಳಗಿಟ್ಟರು. "ಹಾಗಾದರೆ ಆಸ್ಪತ್ರೆಗೆ ನಾವು ಹೇಳಿದ ವಯಸ್ಸು, ರಕ್ತದ ಗುಂಪು, ಒಗ್ಗದ ಔಷಧಿ ಯಾವುದೂ ಇಲ್ಲ ಅನ್ನುವ ಮಾತು?"

"ಎಲ್ಲ ಬೇರೆಯವರದು."

ಒಗ್ಗದ ಔಷಧಿ ಎಂಬ ಮಾತು ಕಿವಿಗೆ ಬಿದ್ದದ್ದೇ, ಎರಡು ವರ್ಷದ ಹಿಂದಿನ ಒಂದು ಸಂಜೆ ನೆನಪಾಯಿತು. ಎದುರುಮನೆಯವರು ಸೊಂಟ ಹಿಡಿದುಕೊಂಡಿತೆಂದು ಬೀದಿ ಕೊನೆಯ ಕ್ಲಿನಿಕ್ಕಿಗೆ ಹೋಗಿ ನೋವಿಗೆ ಇಂಜೆಕ್ಷನ್ ಹಾಕಿಸಿಕೊಂಡು ಬಂದಿದ್ದರು. ಮನೆ ತಲುಪುವಷ್ಟರಲ್ಲಿ ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು, ಉಸಿರು ಸೀಟಿಯಂತೆ ಬರುತ್ತಿತ್ತು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರಲ್ಲಿ ನಾನೂ ಒಬ್ಬಳು. ಆ ಔಷಧಿಯ ಹೆಸರನ್ನು ಅಲ್ಲಿನ ಡಾಕ್ಟರು ಒಂದು ಚೀಟಿಯಲ್ಲಿ ಬರೆದು, ಇದನ್ನು ಇನ್ನು ಮುಟ್ಟಬಾರದು ಎಂದಿದ್ದರು. ಚೀಟಿ ಅವರ ಮನೆಯ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿತ್ತು. ಹೆಸರು ನನಗೆ ಬಾಯಿಗೆ ಬರಲಿಲ್ಲ.

"ನೋವಿನ ಇಂಜೆಕ್ಷನ್ ಹಾಕಬೇಡಿ ಅಂತ ಹೇಳಿ. ಮೊದಲು ಅದನ್ನು ಹೇಳಿ," ಎಂದೆ.

ಡಾಕ್ಟರು ಫೋನ್ ಮಾಡಿದರು. ಆ ಕಡೆಯವರು ತಡೆಯಿರಿ ಎಂದರು. ಡೇರೆಯ ಹೊರಗೆ ಯಾರದೋ ಹೆಸರು ಕೂಗಿ ಚಪ್ಪಾಳೆ ಹೊಡೆಯುತ್ತಿದ್ದರು. ಡಾಕ್ಟರು ಫೋನನ್ನು ಕಿವಿಯಿಂದ ತೆಗೆಯದೆ ನನ್ನ ಕಡೆ ನೋಡಿ, "ಇನ್ನೂ ಹಾಕಿಲ್ಲ," ಎಂದರು. ಅಷ್ಟೇ ಹೇಳಿದರು. ಬಿದ್ದಾಗ ಭುಜದ ಎಲುಬು ಬಿಟ್ಟಿತ್ತು, ಅದಕ್ಕೆ ಆ ಸೂಜಿ ಹಾಕುವವರಿದ್ದರೋ, ಹಾಕುವ ಯೋಚನೆಯೇ ಇರಲಿಲ್ಲವೋ ನನಗೆ ತಿಳಿಯದು. ಸೂಜಿ ಚರ್ಮ ಮುಟ್ಟುವುದರಲ್ಲಿತ್ತು ಎಂದು ಈಗ ಬೀದಿಯಲ್ಲಿ ಹೇಳುತ್ತಾರೆ. ಅದನ್ನು ನೋಡಿದವರು ನಮ್ಮಲ್ಲಿ ಯಾರೂ ಇಲ್ಲ.

ಇನ್ನು ಅವರ ಹೆಂಡತಿಗೆ ಹೇಳಬೇಕು. ನಾನು ಫೋನ್ ಹಚ್ಚಿದೆ. ಓಟ ಮುಗಿದ ಮೇಲೆ ನಾವೆಲ್ಲ ಯಾರಾದರೊಬ್ಬರ ಮನೆಯಲ್ಲಿ ಸೇರಿ ತಿನ್ನುವುದು ರೂಢಿ. ಆ ಭಾನುವಾರ ಅವರ ಮನೆಯ ಸರದಿ.

"ಏನಕ್ಕಾ, ಮುಗೀತಾ?" ಎಂದಳು. "ಅವ್ರಿಗೆ ಮಾಡ್ತಾನೇ ಇದೀನಿ, ಎತ್ತಲ್ಲ. ಫೋನು ಚೀಲದಲ್ಲಿ ಇಟ್ಬಿಟ್ಟಿರ್ತಾರೆ. ಎಷ್ಟು ಜನ ಬತ್ತೀರಾ? ಇಡ್ಲಿ ಇಟ್ಬಿಟ್ಟೆ."

"ಮೊದಲು ಸ್ಟೌ ಆರಿಸಮ್ಮ," ಎಂದೆ.

ಸ್ಟೌವಿನ ತಿರುಪು ತಿರುಗಿದ ಸದ್ದು ಕೇಳಿಸಿತು.

"ಆರಿಸಿದೆ. ಹೇಳಿ."

ಹೇಳಿದೆ. ಬಿದ್ದರು, ಆಸ್ಪತ್ರೆಯಲ್ಲಿ ಇದ್ದಾರೆ, ಉಸಿರಾಡುತ್ತಿದ್ದಾರೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಹೇಳಲಿಲ್ಲ. ಕ್ಯಾಲೆಂಡರಿನ ಮೊಳೆಯಲ್ಲಿರುವ ಚೀಟಿ, ಆಧಾರ್ ಕಾರ್ಡು ಎರಡನ್ನೂ ತಾ ಎಂದೆ.

ಆಸ್ಪತ್ರೆಯ ಬಾಗಿಲಲ್ಲಿ ಅವಳು ನಮಗಿಂತ ಮೊದಲು ಬಂದು ನಿಂತಿದ್ದಳು. ಸೆರಗಿನ ಮೇಲೆ ಹಿಟ್ಟು ಒಣಗಿತ್ತು. ಗಂಡನ ಹೆಸರು ಹೇಳಿ ಕೇಳಿದರೆ ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದಿದ್ದರು. ಇನ್ನೊಂದು ಹೆಸರು ಹೇಳಬೇಕು ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು? ನಾನು ಪಂಪಣ್ಣನ ಹೆಸರು ಹೇಳಿದೆ. ಇದ್ದಾರೆ, ನೀವು ಅವರ ಹೆಂಡತಿಯಾ ಎಂದು ಮೇಜಿನ ಹಿಂದಿದ್ದವರು ಅವಳನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು.

ಚೀಟಿಯನ್ನು ಕೂಡಲೇ ಒಳಗೆ ಕಳಿಸಿದರು, ಹೆಸರು ಬದಲಿಸಲು ಮಾತ್ರ ಅವಳು ತಂದ ಕಾರ್ಡೊಂದೇ ಸಾಲದು ಎಂದರು. ಅದು ಅವರ ತಪ್ಪಲ್ಲ. ಇಬ್ಬರಲ್ಲಿ ಯಾರು ಯಾರು ಎಂದು ಅವರು ತಾನೇ ಹೇಗೆ ನಂಬಬೇಕು? ಮಾತು ನಡೆಯುತ್ತಿರುವಾಗಲೇ ಪಂಪಣ್ಣ ಓಡಿ ಬಂದರು. ದೊಡ್ಡಣ್ಣನ ಫೋನಿಗೆ ಎದ್ದು, ಲುಂಗಿಯಲ್ಲೇ, ಗುಂಡಿ ತಪ್ಪಾಗಿ ಹಾಕಿದ ಕಂಪನಿಯ ಅಂಗಿಯಲ್ಲಿ ಬಂದಿದ್ದರು. ಆಧಾರ್ ಕಾರ್ಡನ್ನು ಮುಖದ ಪಕ್ಕ ಹಿಡಿದು ಮೇಜಿನ ಮುಂದೆ ನಿಂತರು.

"ನಾನು ಇಲ್ಲಿದೀನಿ ಸಾರ್," ಎಂದರು ತಮಿಳಿನಲ್ಲಿ. "ಒಳಗಿರೋದು ನಾನಲ್ಲ."

ಬೆಂಚಿನ ಮೇಲೆ ಕೂತಿದ್ದ ಯಾರೋ ನಕ್ಕರು. ನಗು ಬರುವಂತೆಯೇ ಇತ್ತು. ಪಂಪಣ್ಣ ತಿರುಗಿ ಎದುರುಮನೆಯವರ ಹೆಂಡತಿಯನ್ನು ನೋಡಿ ಅಳತೊಡಗಿದರು. "ನನ್ನ ಪೇರು ಬರೆದ ಪಟ್ಟಿ ಅವನ ಕೈಗೆ ಕಟ್ಟವ್ರಂತೆ ತಂಗಿ."

"ಇರ್ಲಿ ಅಣ್ಣಾ," ಎಂದಳು ಅವಳು. "ಉಸಿರು ಅವ್ರದೇ ಅಲ್ವಾ."

ಹೃದಯದ ಒಂದು ನಾಳ ಕಟ್ಟಿಕೊಂಡಿತ್ತು. ಅದನ್ನು ತೆರೆದರು. ಸ್ವಲ್ಪ ದಿನಕ್ಕೆ ಅವರು ಮನೆಗೆ ಬಂದರು. ತೋಳು ಜೋಲಿಯಲ್ಲಿತ್ತು, ಮುಖ ಇನ್ನೂ ಸಪೂರವಾಗಿತ್ತು. ಆ ಭಾನುವಾರ ದೊಡ್ಡಣ್ಣ ರಿಸಲ್ಟ್ ಹಾಕಲಿಲ್ಲ. "ಪಂಪಣ್ಣನಿಗೆ ಪ್ರೈಜ್" ಎಂಬ ಸಾಲು ಅಳಿಸಲು ನೆನಪಾಗುವ ಹೊತ್ತಿಗೆ ಅಳಿಸುವ ಸಮಯ ದಾಟಿತ್ತು. ಅದು ಇವತ್ತಿಗೂ ಅಲ್ಲೇ ಇದೆ, ಕೆಳಗೆ ಸಾಲಾಗಿ ಚಪ್ಪಾಳೆಯ ಕೈಗಳು. ನನ್ನದು ಅದರಲ್ಲಿ ಇಲ್ಲ. ಕಳಿಸಲು ಸಮಯ ಸಿಕ್ಕಿರಲಿಲ್ಲ, ಅಷ್ಟೇ.

ನನ್ನನ್ನು ಅದಕ್ಕಿಂತ ಹೆಚ್ಚು ಅಲುಗಿಸಿದ ಮಾತು ಆಮೇಲೆ ಬಂತು.

ಅವರನ್ನು ನೋಡಲು ಒಂದು ಮಧ್ಯಾಹ್ನ ಹೋಗಿದ್ದೆ. ಮಗ್ಗದ ಕೋಣೆಯಲ್ಲೇ ಹಾಸಿಗೆ ಹಾಕಿದ್ದರು. ಅವರು ಅರ್ಧಕ್ಕೆ ಬಿಟ್ಟ ಸೀರೆಯನ್ನು ಪಕ್ಕದ ಬೀದಿಯ ಒಬ್ಬರು ಬಂದು ಮುಗಿಸಿಕೊಟ್ಟಿದ್ದರು. ಮಗ್ಗ ಖಾಲಿಯಿತ್ತು. ಗೋಡೆಯ ಮೊಳೆಯಲ್ಲಿ ಪದಕಗಳ ಒಂದು ಗೊಂಚಲು, ಪಟ್ಟಿಗಳ ಬಣ್ಣ ಮಾಸಿತ್ತು. ಓಟ ಮುಗಿಸಿದವರಿಗೆಲ್ಲ ಕೊಡುವ ಪದಕಗಳು ಅವು. ಬಿಬ್ ಕೊಟ್ಟವರು ಪದಕವನ್ನು ಎಂದೂ ವಾಪಸು ಕೇಳಿರಲಿಲ್ಲ.

"ಅಕ್ಕಾ, ಡಾಕ್ಟರು ಕೇಳ್ತಾವ್ರೆ," ಎಂದಳು ಅವರ ಹೆಂಡತಿ. "ಇವ್ರು ಎಷ್ಟು ವರ್ಷದಿಂದ ಓಡ್ತಿದ್ರು, ಮೊದಲೆಂಗೆ ಓಡ್ತಿದ್ರು, ಈಚೆಗೆ ಕೊರವಾಯ್ತಾ, ಕಮ್ಮಿ ಆಯ್ತಾ ಅಂತ. ಇದರದ್ದೆಲ್ಲಾ ರಿಸಲ್ಟು ಫೋನಲ್ಲಿ ಇರ್ತದಲ್ವಾ? ಇವ್ರದು ತೆಗೆದು ತೋರ್ಸಿ."

ನಾನು ಫೋನ್ ತೆಗೆದೆ. ಒಂದೊಂದು ಓಟದ ರಿಸಲ್ಟ್ ತೆರೆದು ಅವರ ಹೆಸರು ಹಾಕಿ ಹುಡುಕಿದೆ. ಇಲ್ಲ. ಇರುವುದಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಹುಡುಕಿದೆ. ಅಷ್ಟು ಬೆಳಗುಗಳಲ್ಲಿ ಅವರು ನನ್ನ ಮುಂದೆ ಬಾಗಿ ಓಡಿದ್ದನ್ನು ನಾನು ಕಂಡಿದ್ದೆ. ಯಾವ ಚಿಪ್ಪೂ ಅವರನ್ನು ಒಮ್ಮೆಯೂ ಕಂಡಿರಲಿಲ್ಲ.

ಅವರು ಹಾಸಿಗೆಯಿಂದಲೇ ನಕ್ಕರು. "ಇರಲ್ಲ ಬಿಡಕ್ಕಾ. ಅದಕ್ಯಾಕೆ ಮುಖ ಇಂಗೆ ಮಾಡ್ತೀರಾ? ನೇಯ್ದ ಸೀರೆ ಮೇಲೆ ನನ್ ಪೇರು ಇರ್ತದಾ? ಅಂಗಡಿಯವರ ಪೇರು ಇರ್ತದೆ. ಉಡೋರು ಉಡ್ತಾರೆ. ಇದೂ ಅಂಗೇ."

"ಸೀರೆ ರೋಡಲ್ಲಿ ಬಿದ್ದು ಆಸ್ಪತ್ರೆಗೆ ಓಗಲ್ಲ," ಎಂದಳು ಹೆಂಡತಿ. ಅಷ್ಟು ದಿನ ಆಡದೆ ಇಟ್ಟುಕೊಂಡಿದ್ದ ಮಾತು ಅದು. "ಯಾರ ಹೆಂಡ್ತಿಗೋ ಫೋನ್ ಓಯ್ತು. ಅವಳು ಬೈದು ಇಟ್ಲು. ಅಕ್ಕ ಅಲ್ಲಿ ಇಲ್ದಿದ್ರೆ? ನಾನು ಇಡ್ಲಿ ಇಟ್ಕೊಂಡು ಕೂತಿರ್ತಿದ್ದೆ."

ಅವರು ಜೋಲಿಯ ಗಂಟನ್ನು ಸರಿಪಡಿಸಿಕೊಂಡರು. ಮಗ್ಗ ನೆನೆದು ನಾವು ಒಪ್ಪಿಕೊಂಡಿದ್ದ ಲೆಕ್ಕ ಎಲ್ಲಿ ತಪ್ಪಿತು ಎಂದು ನನಗೆ ಆಗ ಹೊಳೆಯಿತು. ಪರರ ಮಗ್ಗದಲ್ಲಿ ಕೂತವನನ್ನು ಬೀದಿಗೆಲ್ಲ ಗೊತ್ತು. ಅವನು ಅಲ್ಲಿ ಕುಸಿದರೆ ಅವನ ಮನೆಗೇ ಓಡುತ್ತಾರೆ. ಶರವಣಂಪಟ್ಟಿಯ ರಸ್ತೆಯಲ್ಲಿ ಅವರನ್ನು ಬಲ್ಲದ್ದು ಎದೆಯ ಹಾಳೆಯೊಂದೇ.

ಈ ಮಾತನ್ನು ದೊಡ್ಡಣ್ಣನಿಗೆ ಹೇಳಿದೆ. ಅವರು ಮರುದಿನ ಕನ್ನಡಕ ಹಾಕಿಕೊಂಡು ಆ ಮನೆಗೆ ಬಂದು, ಗುಂಪಿನ ಹಳೆಯ ಸಂದೇಶಗಳನ್ನು ಹಿಂದಕ್ಕೆ ಎಳೆಯುತ್ತ ಹೋಗಿ, "ಕಾಲು: ಎದುರುಮನೆ" ಎಂದಿದ್ದ ಸಾಲುಗಳನ್ನು ಹುಡುಕಿ ಒಂದೊಂದಾಗಿ ಓದಿದರು. ಸಮಯ ಓದಿದರು, ತಾವೇ ಬರೆದ ಚುಚ್ಚುಮಾತುಗಳನ್ನೂ ಓದಿದರು. "ಮಳೆಯಲ್ಲಿ ಓಡಿದ, ಕೊಡೆ ಕೊಟ್ಟರೆ ಹಾರುತ್ತಿದ್ದ." "ನೀರು ಕೊಡುವ ಕಡೆ ನಿಂತು ಊರ ಕತೆ ಹೇಳಿದ, ಅದಕ್ಕೆ ತಡ." ಎದುರುಮನೆಯವರ ಹೆಂಡತಿ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ಈಚಿನ ಸಾಲುಗಳಿಗೆ ಬಂದಾಗ ದೊಡ್ಡಣ್ಣ ಮೆಲ್ಲಗಾದರು. "ಎದುರುಮನೆಗೆ ವಯಸ್ಸಾಯ್ತಪ್ಪ." "ಏರಿನಲ್ಲಿ ಮತ್ತೆ ನಡೆದ, ಸೋಮಾರಿ." ಅದಾದ ಮೇಲೆ ಇನ್ನೂ ಒಂದು. ಸಮಯ ಕೂಡಿಸಿ ನೋಡಿದರೆ, ಅವರು ಕೆಲವು ತಿಂಗಳುಗಳಿಂದ ನಿಧಾನವಾಗುತ್ತ ಬಂದಿದ್ದರು. ಏರಿನಲ್ಲಿ ಎದೆ ಹಿಡಿಯುತ್ತಿತ್ತು ಎಂದು ಎದುರುಮನೆಯವರು ಆಗ ಒಪ್ಪಿಕೊಂಡರು. ಒಂದೇ ಹೆಸರಿನ ಕೆಳಗೆ ಸಾಲಾಗಿ ಇದ್ದಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತೋ ಏನೋ. ಬೇರೆಬೇರೆ ಹೆಸರುಗಳ ಪಕ್ಕ ಚದುರಿಹೋಗಿತ್ತು, ನಾವು ಅದರ ಮೇಲೆ ನಗುತ್ತ ಬಂದಿದ್ದೆವು. ದೊಡ್ಡಣ್ಣ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು.

ಬಿಬ್ ಬದಲಿಸುವುದು ನಮ್ಮಲ್ಲಿ ಅಲ್ಲಿಗೆ ನಿಂತಿತು. ಯಾರೂ ಆಣೆ ಪ್ರಮಾಣ ಮಾಡಲಿಲ್ಲ. ಬರಲಾಗದವರು ಬಿಬ್ಬನ್ನು ಮಡಿಸಿ ಮನೆಯಲ್ಲೇ ಇಟ್ಟುಕೊಂಡರು, ಅಷ್ಟೇ. ಇನ್ನೊಂದು ಬದಲಾವಣೆ ದೊಡ್ಡಣ್ಣನದು. ಓಡಿದವರೆಲ್ಲ ಮನೆ ತಲುಪಿ "ಬಂದೆ" ಎಂದು ಹಾಕುವವರೆಗೆ ಅವರು ರಿಸಲ್ಟ್ ಹಾಕುವುದಿಲ್ಲ.

ಡಾಕ್ಟರು ನಡೆಯಬಹುದು ಎಂದ ಮೇಲೆ, ಅದೇ ಶರವಣಂಪಟ್ಟಿಯ ರಸ್ತೆಯಲ್ಲಿ ಮತ್ತೊಂದು ಓಟ ಬಂತು. ಓಡಲಾಗದವರಿಗೆ ಅದರಲ್ಲಿ ಒಂದು ನಡಿಗೆಯೂ ಇತ್ತು. ಎದುರುಮನೆಯವರು ಮೊದಲ ಸಲ ತಮ್ಮ ಹೆಸರು ಕೊಟ್ಟರು. ಜೊತೆಗೆ ನಾನೂ ನಡೆಯುತ್ತೇನೆ ಎಂದೆ. ಬೆಳಗ್ಗೆ ಪಿನ್ನು ಚುಚ್ಚಿಕೊಡಲು ಅವರು ಎದೆ ಮುಂದೆ ಮಾಡಿ ನಿಂತಾಗ, ಆ ಹಳೆಯ ಮಾತು ಬರುತ್ತದೆ ಎಂದು ಕಾದೆ. ಬರಲಿಲ್ಲ. ಬಿಬ್ಬಿನ ಹಿಂಬದಿಯಲ್ಲಿ ಅವರ ಹೆಂಡತಿ ತನ್ನ ಫೋನ್ ನಂಬರನ್ನು ಬಾಲ್ ಪೆನ್ನಿನಲ್ಲಿ ಒತ್ತಿ ಒತ್ತಿ ಬರೆದಿದ್ದಳು. ಮುಂದಿನಿಂದಲೂ ಅದರ ಉಬ್ಬು ಕಾಣುತ್ತಿತ್ತು. ನಡಿಗೆಯವರ ಬಿಬ್ಬಿಗೆ ಚಿಪ್ಪು ಇರುವುದಿಲ್ಲ, ಸಮಯ ಹಿಡಿಯುವುದಿಲ್ಲ ಎಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು.

"ನೋಡಿದ್ರಾ? ನಾನು ಪೇರು ಕೊಟ್ಟೆ, ಅವ್ರು ಗಡಿಯಾರ ನಿಲ್ಲಿಸಿಬಿಟ್ರು," ಎಂದರು.

ಹೊಂಗೆ ಮರಗಳ ಕೆಳಗೆ ಬಂದಾಗ ಅವರ ಹೆಜ್ಜೆ ನಿಧಾನವಾಯಿತು.

"ನಾನು ಬಿದ್ದಿದ್ದು ಎಲ್ಲಿ ಅಕ್ಕಾ? ನಂಗೆ ಒಂದೂ ನೆಪ್ಪಿಲ್ಲ."

ಆ ಮರವೋ, ಅದರ ಮುಂದಿನದೋ. ಚೆಲ್ಲಿದ ನೀರು ಒಣಗಿ ಎಷ್ಟೋ ದಿನವಾಗಿತ್ತು. "ಇಲ್ಲೇ ಎಲ್ಲೋ," ಎಂದೆ. "ಖಂಡಿತ ಹೇಳಕ್ಕಾಗಲ್ಲ ತಂಬಿ. ನಾನು ಹಿಂದಿನಿಂದ ನೋಡಿದ್ದು."

ಅವರು ನಿಂತು ನೆಲ ನೋಡಿದರು, ಮೇಲೆ ಕೊಂಬೆಗಳನ್ನು ನೋಡಿದರು. "ಪರವಾಯಿಲ್ಲ. ನೆರಳು ನೋಡಿ ಬಿದ್ದಿದೀನಿ." ಅಷ್ಟರಲ್ಲಿ ಅವರ ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು, ಹೆಂಡತಿಯದು. ಆ ಬೆಳಗ್ಗೆ ಅದು ಎಷ್ಟೋ ಸಲ ಹೊಡೆದುಕೊಂಡಿತ್ತು. "ಆಂ, ನಾನೇ. ನಡೀತಾ ಇದೀನಿ. ಅಕ್ಕ ಪಕ್ಕದಲ್ಲೇ ಅವ್ರೆ," ಎಂದರು.

ಅವತ್ತು ರಿಸಲ್ಟ್ ತಡವಾಯಿತು. ವಾಪಸು ಬರುವಾಗ ಎದುರುಮನೆಯವರು ಎಳನೀರು ಕುಡಿಯುತ್ತೇನೆಂದು ದೊಡ್ಡಣ್ಣನ ಗಾಡಿಯಿಂದ ಬೀದಿಯ ತುದಿಯಲ್ಲೇ ಇಳಿದುಬಿಟ್ಟಿದ್ದರು. ಗುಂಪಿನಲ್ಲಿ ಉಳಿದವರೆಲ್ಲ "ಬಂದೆ" ಹಾಕಿಯಾಗಿತ್ತು. ಪಂಪಣ್ಣನಿಗೆ ಅವತ್ತು ಐವತ್ತು ದಾಟಿದವರಲ್ಲಿ ಎರಡನೇ ಬಹುಮಾನ ಬಂದಿತ್ತು, ಅವರದೇ ಕಾಲಿಗೆ, ಅವರದೇ ಹೆಸರಿಗೆ. ಫೋಟೋ ಹಾಕಿ ಎಂದು ಅವರು ಮತ್ತೆ ಮತ್ತೆ ಕೇಳುತ್ತಿದ್ದರು. "ಇರಪ್ಪ ಪಂಪು, ಎದುರುಮನೆ ಇನ್ನೂ ಬಾಗಿಲು ದಾಟಿಲ್ಲ," ಎಂದು ದೊಡ್ಡಣ್ಣ ತಡೆದರು.

ನಾನು ನನ್ನ ಜಗಲಿಯ ಮೇಲೆ ನಿಂತು ಕಾದೆ. ಅವರು ಬೀದಿಯ ತುದಿಯಿಂದ ಮೆಲ್ಲಗೆ ನಡೆದು ಬಂದರು. ಬಿಬ್ ಇನ್ನೂ ಎದೆಯ ಮೇಲಿತ್ತು. ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಏನೋ ಬೈದಳು, ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು. ಅವರಿಗೆ ಗುಂಪಿನಲ್ಲಿ ಬರೆಯುವ ರೂಢಿಯಿಲ್ಲ. ಅವರ ಪರವಾಗಿ ನಾನೇ ಬರೆದು ಹಾಕಿದೆ: ಬಂದರು.